ರೌಟರ್ ಪೆಟ್ಟಿಗೆಯ ಆಯ: ಏಳು ಸೂತ್ರಗಳ ವ್ಯಾಖ್ಯಾನ

ಅವತಾರಿಕೆ

ಗಣಕದ ಆಜ್ಞೆಗೆ ತಕ್ಕಂತೆ, ತಿರುಗುವ ಅಲಗನ್ನು ಎಡಬಲ, ಹಿಂದುಮುಂದು, ಮೇಲುಕೆಳಗು ಎಂಬ ಮೂರು ದಿಕ್ಕುಗಳಲ್ಲಿ ನಡೆಸಿ ಮರವನ್ನು ಕೊರೆಯುವ ಮೇಜಿನ ಯಂತ್ರಕ್ಕೆ ಸಿಎನ್‌ಸಿ ರೌಟರ್ ಎಂದು ಹೆಸರು. ಅದನ್ನು ಮನೆಯೊಳಗೆ ಇಟ್ಟುಕೊಂಡವರು ಸುತ್ತಲೂ ಮುಚ್ಚಿದ ಪೆಟ್ಟಿಗೆಯೊಂದನ್ನು ಮಾಡಬೇಕಾಗುತ್ತದೆ. ಆ ಪೆಟ್ಟಿಗೆಯ ಆಯವನ್ನು, ಎಂದರೆ ಅಗಲ, ಆಳ, ಎತ್ತರಗಳ ಲೆಕ್ಕವನ್ನು, ಗೊತ್ತುಮಾಡುವ ಕ್ರಮವು ಇಲ್ಲಿ ಏಳು ಸೂತ್ರಗಳಲ್ಲಿ ಅಡಕವಾಗಿದೆ.

ಪೆಟ್ಟಿಗೆಗೆ ಪ್ರಯೋಜನ ಮೂರು. ಮೊದಲನೆಯದು ದೂಳಿನ ತಡೆ. ಮರದ ದೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮೊದಲ ವರ್ಗಕ್ಕೆ ಸೇರಿಸಿದೆ. ಆದುದರಿಂದ ಇದನ್ನು ಮನೆಯ ಅಚ್ಚುಕಟ್ಟಿನ ಮಾತೆಂದು ಹಗುರವಾಗಿ ತಿಳಿಯಬಾರದು. ಎರಡನೆಯದು ಸದ್ದಿನ ತಡೆ. ಮೂರನೆಯದು, ಮುರಿದ ಅಲಗೋ ಕಿತ್ತುಬಂದ ಮರದ ಚೂರೋ ಕಣ್ಣಿಗೆ ಸಿಡಿಯದಂತೆ ಮಾಡುವ ತಡೆ. ಈ ಮೂರಕ್ಕೂ ಗೋಡೆ ಬೇಕು. ಗೋಡೆ ಎಲ್ಲಿ ನಿಲ್ಲಬೇಕೆಂಬುದೇ ಈ ಗ್ರಂಥದ ವಿಷಯ.

ಉದಾಹರಣೆಗೆ, ಹವ್ಯಾಸಿಗಳಲ್ಲಿ ಬಹಳ ಬಳಕೆಯಲ್ಲಿರುವ 3018 ಎಂಬ ಯಂತ್ರವನ್ನು ತೆಗೆದುಕೊಂಡಿದೆ. ಅದು ಎಡಬಲಕ್ಕೆ 30 ಸೆಂಟಿಮೀಟರ್, ಹಿಂದುಮುಂದಕ್ಕೆ 18 ಸೆಂಟಿಮೀಟರ್ ಕೊರೆಯಬಲ್ಲದು. ಮೇಲುಕೆಳಗಿನ ಚಲನೆ ಸುಮಾರು 45 ಮಿಲಿಮೀಟರ್. ಮುಂದೆ ಬರುವ ಅಳತೆಗಳೆಲ್ಲ ಮಿಲಿಮೀಟರಿನವೆಂದು ತಿಳಿಯತಕ್ಕದ್ದು.

ಸೂತ್ರ 1: ಯಂತ್ರವನ್ನಲ್ಲ, ಯಂತ್ರದ ಸಂಚಾರವನ್ನು ಅಳೆ.

"ಯಂತ್ರ" ಎಂದರೆ ಇಲ್ಲಿ ನಿಂತಿರುವ ಯಂತ್ರ, ಚಾಲನೆಯಿಲ್ಲದೆ ಮೇಜಿನ ಮೇಲೆ ಕುಳಿತಿರುವ ದೇಹ. ಮಾರಾಟದ ಹಾಳೆಯಲ್ಲಿ ಅಚ್ಚಾಗಿರುವ 400 × 330 × 240 ಎಂಬ ಅಳತೆ ಆ ದೇಹದ್ದು. "ಸಂಚಾರ" ಎಂದರೆ ಯಂತ್ರದ ಯಾವುದೇ ಭಾಗ ಯಾವುದೇ ಹೊತ್ತಿನಲ್ಲಿ ಹೋಗಿ ಮುಟ್ಟಬಹುದಾದ ಎಡೆಯೆಲ್ಲದರ ಮೊತ್ತ. "ಅಲ್ಲ" ಎಂಬ ನಿಷೇಧವನ್ನು ಮೊದಲಿಟ್ಟಿರುವುದು, ಹಾಳೆಯ ಸಂಖ್ಯೆಗೆ ಎರಡು ಅಂಗುಲ ಸೇರಿಸಿ ಮರ ಕೊಯ್ಯಿಸುವ ರೂಢಿಯನ್ನು ತಡೆಯುವುದಕ್ಕಾಗಿ. ಕೊಟ್ಟಿಗೆಯನ್ನು ಮಲಗಿದ ದನಕ್ಕೆ ಅಳೆದು ಕಟ್ಟುವುದಿಲ್ಲ, ಎದ್ದು ತಿರುಗುವ ದನಕ್ಕೆ ಅಳೆದು ಕಟ್ಟುತ್ತಾರೆ. ಸೂತ್ರದ ಆಶಯವೂ ಅದೇ.

ಈ ಜಾತಿಯ ಯಂತ್ರಗಳಲ್ಲಿ ಎರಡು ಬಗೆಯುಂಟು. ಒಂದರಲ್ಲಿ ಮರವನ್ನು ಬಿಗಿದ ಬೆಡ್ಡು ಅಲ್ಲಾಡದೆ ನಿಂತಿರುತ್ತದೆ. ಅದರ ಮೇಲೆ ಕಮಾನಿನಂತೆ ನಿಂತ ಗ್ಯಾಂಟ್ರಿಯೇ ಹಿಂದೆ ಮುಂದೆ ನಡೆಯುತ್ತದೆ. ಇನ್ನೊಂದರಲ್ಲಿ ಗ್ಯಾಂಟ್ರಿ ನಿಂತಿರುತ್ತದೆ, ಬೆಡ್ಡೇ ಮರವನ್ನು ಹೊತ್ತು ನಡೆಯುತ್ತದೆ. 3018 ಎರಡನೆಯ ಬಗೆಯದು. ಮೊದಲನೆಯ ಬಗೆಯಲ್ಲಿ ಸಂಚಾರವು ಬಹುಮಟ್ಟಿಗೆ ಚೌಕಟ್ಟಿನ ಮೇಲೆಯೇ ಮುಗಿಯುವುದರಿಂದ ದೇಹದ ಅಳತೆಗೂ ಸಂಚಾರದ ಅಳತೆಗೂ ಅಂತರ ಕಡಿಮೆ. ಎರಡನೆಯದರಲ್ಲಿ ಅಂತರ ದೊಡ್ಡದು. ಈ ಸೂತ್ರವು ಮುಖ್ಯವಾಗಿ ಎರಡನೆಯ ಬಗೆಯನ್ನು ಉದ್ದೇಶಿಸಿ ಹೊರಟಿದೆ ಎನ್ನಬೇಕು.

ಬೆಡ್ಡು ನಡೆಯುವ ಯಂತ್ರದಲ್ಲಿ ಆಳದ ಸಂಚಾರವನ್ನು ಹೀಗೆ ಕಾಣತಕ್ಕದ್ದು. ಬೆಡ್ಡಿನ ಮೇಲೆ ಬಿಗಿದ ಹಲಗೆಯ ಉದ್ದವೊಂದು, ಬೆಡ್ಡು ನಡೆಯುವ ದೂರವೊಂದು. ಎರಡರ ಮೊತ್ತವೇ ಬೇಕಾದ ಎಡೆ. ಅದು ಹೇಗೆಂದರೆ, ಬೆಡ್ಡು ತೀರ ಹಿಂದಿರುವಾಗ ಹಲಗೆಯ ಹಿಂಬದಿಯ ಅಂಚು ಒಂದು ಕಡೆ ನಿಂತಿತು. ಅಲ್ಲಿಂದ ಬೆಡ್ಡು 180 ಮುಂದೆ ಬಂದರೆ ಮುಂಬದಿಯ ಅಂಚೂ 180 ಮುಂದೆ ಬರುತ್ತದೆ. ಹಿಂದಣ ಕೊನೆಯಿಂದ ಮುಂದಣ ಕೊನೆಗೆ ಅಳೆದರೆ ಹಲಗೆಯ ಉದ್ದಕ್ಕೆ 180 ಕೂಡಿರುತ್ತದೆ. ಬೆಡ್ಡಿನಷ್ಟೇ ಉದ್ದದ, ಎಂದರೆ 180ರ ಹಲಗೆಗೆ 360 ಬೇಕು. ಇದೇ ಚೌಕಟ್ಟಿನ 330ನ್ನು ಮೀರಿತು. 300ರ ಹಲಗೆಗಾದರೆ 480.

ಇಲ್ಲಿ ಶಂಕೆ: ಕೊರೆಯುವ ಆಳವೇ 180 ಆಗಿರುವಾಗ 300ರ ಹಲಗೆಯನ್ನು ಬಿಗಿಯುವವರು ಯಾರು? ಪರಿಹಾರ: ಮನೆಯ ಹೆಸರಿನ ಹಲಗೆ ಮಾಡುವವರು ಉದ್ದದ ಮರವನ್ನು ಬಿಗಿದು, ಒಂದು ಭಾಗ ಕೊರೆದು, ಸರಿಸಿ, ಇನ್ನೊಂದು ಭಾಗ ಕೊರೆಯುತ್ತಾರೆ. ದೊಡ್ಡ ಹಲಗೆಯ ನಡುವೆ ಚಿಕ್ಕದೊಂದು ಹೂವು ಕೆತ್ತುವವರೂ ಹಲಗೆಯನ್ನು ಇಡಿಯಾಗಿಯೇ ಬಿಗಿಯುತ್ತಾರೆ. ಕೊರೆಯುವ ಎಡೆಯೂ ಹಲಗೆಯ ಎಡೆಯೂ ಒಂದೇ ಎಂದು ತಿಳಿದವರ ಪೆಟ್ಟಿಗೆಯಲ್ಲಿ ಹಲಗೆ ಹಿಂಗೋಡೆಗೆ ಗುದ್ದುತ್ತದೆ. ಗುದ್ದಿದೊಡನೆ ಸ್ಟೆಪ್ಪರ್ ಮೋಟರ್ ಹೆಜ್ಜೆ ತಪ್ಪುತ್ತದೆ. ಈ ಯಂತ್ರದಲ್ಲಿ ಬೆಡ್ಡು ನಿಜಕ್ಕೂ ಎಲ್ಲಿದೆ ಎಂಬುದನ್ನು, ಮೋಟರುಗಳನ್ನು ನಡೆಸುವ ಕಂಟ್ರೋಲ್ ಬೋರ್ಡು ನೋಡುವುದಿಲ್ಲ; ತಾನು ಕಳಿಸಿದ ಹೆಜ್ಜೆಗಳನ್ನಷ್ಟೇ ಎಣಿಸಿಕೊಂಡಿರುತ್ತದೆ. ಆದುದರಿಂದ ತಪ್ಪಿದ ಹೆಜ್ಜೆ ಅದಕ್ಕೆ ತಿಳಿಯದೆ, ಅಲ್ಲಿಂದ ಮುಂದಿನ ಕೆತ್ತನೆಯೆಲ್ಲ ಸ್ಥಾನ ತಪ್ಪಿ ಸಾಗುತ್ತದೆ.

ಸಂಚಾರವನ್ನು ಎಲ್ಲಿಂದ ಅಳೆಯಬೇಕು ಎಂಬುದನ್ನು ಸೂತ್ರವು ಹೇಳಿಲ್ಲ, ಅಧ್ಯಾಹಾರ ಮಾಡಿಕೊಳ್ಳಬೇಕು. ಅಲಗಿನ ತುದಿಯಿಂದ ನೇರ ಕೆಳಗೆ ಒಂದು ಗೆರೆ ಎಳೆದು, ಅದನ್ನೇ ಮೂಲಗೆರೆಯೆಂದು ಹಿಡಿಯತಕ್ಕದ್ದು. ನಡುವಿಗೆ ಬಿಗಿದ 300ರ ಹಲಗೆಯು ಈ ಗೆರೆಯಿಂದ ಹಿಂದಕ್ಕೆ 240, ಮುಂದಕ್ಕೆ 240 ಹೋಗುತ್ತದೆ: ಹಲಗೆಯ ಅರ್ಧ 150, ನಡೆಯ ಅರ್ಧ 90. ಆದರೆ ಗ್ಯಾಂಟ್ರಿಯು ಚೌಕಟ್ಟಿನ ಸರಿನಡುವೆ ನಿಂತಿರಬೇಕೆಂಬ ನಿಯಮವಿಲ್ಲ. ಚೌಕಟ್ಟನ್ನು ಪೆಟ್ಟಿಗೆಯ ನಡುವಿಗೆ ಕೂರಿಸಿದವರಿಗೆ ಒಂದು ಕಡೆ ಎಡೆ ವ್ಯರ್ಥ, ಇನ್ನೊಂದು ಕಡೆ ಕೊರತೆ. ನಡುವಿಗೆ ಬರಬೇಕಾದದ್ದು ಮೂಲಗೆರೆ. ಆಳದ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ.

ಸೂತ್ರ 2: ಅಗಲಕ್ಕೆ ಮೋಟರನ್ನು, ಆಳಕ್ಕೆ ಹಲಗೆಯನ್ನು, ಎತ್ತರಕ್ಕೆ ತಂತಿಯನ್ನು ಕೂಡಿಸು.

ಹಿಂದಿನ ಸೂತ್ರವು ತತ್ತ್ವವನ್ನು ಹೇಳಿತು. ಇದು ಅದನ್ನು ಮೂರು ದಿಕ್ಕುಗಳಿಗೆ ಹಂಚುತ್ತದೆ. ಒಂದೊಂದು ದಿಕ್ಕಿನಲ್ಲಿ ಹಾಳೆಯ ಅಳತೆಯಿಂದ ಜಾರಿಹೋಗುವ ವಸ್ತು ಒಂದೊಂದು. ಅದನ್ನೇ ಹೆಸರಿಸಿದೆ.

"ಅಗಲಕ್ಕೆ ಮೋಟರನ್ನು." ಎಡಬಲದ ಚಲನೆಯನ್ನು ಕೊಡುವ ಮೋಟರ್ ಚೌಕಟ್ಟಿನ ಪಕ್ಕದಲ್ಲಿ ಕೂಡುತ್ತದೆ. ಇದು ನೇಮಾ 17 ಅಳತೆಯದು. ಮುಖವು 42ರ ಚೌಕ, ಉದ್ದವೂ ಹೆಚ್ಚುಕಡಿಮೆ 40. ಅದಕ್ಕೆ ಚುಚ್ಚಿದ ಪ್ಲಗ್ಗು ಹೊರಗೆ ಚಾಚಿ, ತಂತಿ ಅಲ್ಲಿಂದ ಬಾಗಬೇಕು. ಹಾಳೆಯಲ್ಲಿರುವ 400ರಲ್ಲಿ ಇದು ಸೇರಿದೆಯೋ ಇಲ್ಲವೋ ಎಂಬುದನ್ನು ಟೇಪು ಹಿಡಿದೇ ನಿರ್ಣಯಿಸತಕ್ಕದ್ದು. ಸೇರಿಲ್ಲವೆಂದು ಎಣಿಸಿ 60 ಕೂಡಿಸಿದರೆ 460. ಎರಡು ಪಕ್ಕಕ್ಕೂ ನಾಲ್ಕು ಬೆರಳಿನ ಎಡೆ, ತಲಾ 70. ಇದರ ಕಾರಣ ಮುಂದಿನ ಸೂತ್ರದಲ್ಲಿ ಬರುತ್ತದೆ. 600 ಆಯಿತು. ಗೋಡೆಗೆ ಒಳಗಿನಿಂದ 25 ದಪ್ಪದ ಫೋಮ್ ಅಂಟಿಸುವುದಾದರೆ ಎರಡು ಕಡೆಗೂ ಸೇರಿ 50. ಒಟ್ಟು ಒಳ ಅಗಲ 650. ಪೆಟ್ಟಿಗೆ ಮುಗಿದ ಮೇಲೆ ಫೋಮ್ ಅಂಟಿಸಿದರಾಯಿತು ಎಂದುಕೊಂಡರೆ, 70 ಬಿಟ್ಟ ಎಡೆ 45ಕ್ಕೆ ಇಳಿದು ಬೆರಳು ಹೋಗದಂತಾಗುತ್ತದೆ. ಅಂಟಿಸುವ ಕೆಲಸ ಕೊನೆಯದಾದರೂ ಅದರ ದಪ್ಪ ಮೊದಲೇ ಲೆಕ್ಕಕ್ಕೆ ಬರಬೇಕು.

"ಆಳಕ್ಕೆ ಹಲಗೆಯನ್ನು." ಹಲಗೆ ಎಂದರೆ ಕೊರೆಯಲ್ಪಡುವ ವಸ್ತು, ಇದನ್ನು ಮೊದಲ ಸೂತ್ರದಲ್ಲಿಯೇ ವಿವರಿಸಿದೆ. 480ಕ್ಕೆ ಹಿಂದೆ 30, ಮುಂದೆ 30 ಬಿಟ್ಟು, ಹಿಂಗೋಡೆಯ ಫೋಮಿಗೆ 25 ಕೂಡಿಸಿದರೆ 565. ಮುಂಭಾಗ ಬಾಗಿಲಾದ್ದರಿಂದ ಅಲ್ಲಿ ಫೋಮ್ ಇಲ್ಲ. 565ನ್ನು 570 ಎಂದು ಹಿಡಿಯಬೇಕು. ಒಳ ಅಳತೆಯನ್ನು ಸರಿಮಾಡುವಾಗ ಯಾವಾಗಲೂ ಮೇಲಕ್ಕೇ ಹೊರತು ಕೆಳಕ್ಕಲ್ಲ.

"ಎತ್ತರಕ್ಕೆ ತಂತಿಯನ್ನು." ಇಲ್ಲಿ ತಂತಿ ಎಂಬುದು ಉಪಲಕ್ಷಣ, ತಲೆಯ ಮೇಲಿನಿಂದ ಬರುವ ದೂಳಿನ ಹೋಸನ್ನೂ ಅದರಿಂದಲೇ ಹೇಳಿತೆಂದು ತಿಳಿಯತಕ್ಕದ್ದು. ಸ್ಪಿಂಡಲ್, ಎಂದರೆ ಅಲಗನ್ನು ತಿರುಗಿಸುವ ಮೋಟರ್, ತನ್ನ ಮೇಲಿನ ಮಿತಿಗೆ ಏರಿ ನಿಂತಾಗ ಅದರ ನೆತ್ತಿ ಹಾಳೆಯ 240ನ್ನು ದಾಟುತ್ತದೆ. ಯಂತ್ರವನ್ನು ಚಾಲೂ ಮಾಡಿ, ತಲೆಯನ್ನು ತುದಿಗೆ ಏರಿಸಿ, ನೆಲದಿಂದ ನೆತ್ತಿಯ ತಂತಿಯವರೆಗೆ ಅಳೆಯಬೇಕು. ಆ ಅಳತೆ 300 ಬಂದಿತೆಂದು ಇಟ್ಟುಕೊಳ್ಳೋಣ. ಕೆಳಗೆ ನಡುಕ ಹೀರುವ ರಬ್ಬರ್ ಹಾಸು 20. ಮೇಲೆ ಹೋಸಿನ ಬಾಗು. ಒಳವ್ಯಾಸ 32 ಇರುವ ಹೋಸನ್ನು ಬಿಗಿಯಾಗಿ ಬಗ್ಗಿಸಿದರೆ ಅದು ಮಡಿಸಿಕೊಂಡು ಎಳೆತ ಕುಗ್ಗುತ್ತದೆ. ವ್ಯಾಸದ ಮೂರರಷ್ಟು ತ್ರಿಜ್ಯದಲ್ಲಿ ಬಾಗಲು ಬಿಟ್ಟರೆ ಸುಖ; ಆದುದರಿಂದ 100. ಚಾವಣಿಯ ಫೋಮಿಗೆ 25. ಒಟ್ಟು 445, ಮೇಲಕ್ಕೆ ಸರಿಮಾಡಿ 450. ಹೋಸಿನ ತೂತು ಚಾವಣಿಯ ನಡುವೆ, ಮೂಲಗೆರೆಯ ನೇರಕ್ಕೆ ಬಂದರೆ, ತಲೆಯು ಎಡಕ್ಕೆ 150, ಬಲಕ್ಕೆ 150 ಹೋಗುವಾಗ ಹೋಸು ಎರಡು ಕಡೆಗೂ ಸಮನಾಗಿ ವಾಲುತ್ತದೆ. ಮೂಲೆಯಲ್ಲಿ ತೂತಿಟ್ಟರೆ ಒಂದು ತುದಿಯಲ್ಲಿ ಹೋಸು ತಲೆಯನ್ನು ಎಳೆಯುತ್ತದೆ. ಸಣ್ಣ ಯಂತ್ರದಲ್ಲಿ ಆ ಎಳೆತ ಕೆತ್ತನೆಯಲ್ಲಿ ಕಾಣಿಸುತ್ತದೆ.

ಹೀಗೆ ಮರದಿಂದ ಮರಕ್ಕೆ ಒಳ ಅಳತೆ 650 × 570 × 450.

ಸೂತ್ರ 3: ಕೈ ಹೋಗಬೇಕಾದ ಕಡೆ ಬಾಗಿಲು, ಬಾಗಿಲಿಲ್ಲದ ಕಡೆ ನಾಲ್ಕು ಬೆರಳು.

ಕೈಗೆ ಒಳಗೆ ಏನು ಕೆಲಸ? ಹಲಗೆಯನ್ನು ಕ್ಲ್ಯಾಂಪಿನಿಂದ ಬಿಗಿಯುವುದು, ಅಲಗಿನ ತುದಿಯನ್ನು ಮರದ ಮೇಲ್ಮೈಗೆ ಮುಟ್ಟಿಸಿ ಸೊನ್ನೆ ಗುರುತಿಸುವುದು, ಅಲಗು ಬದಲಿಸುವುದು, ಕೊನೆಗೆ ಗುಡಿಸುವುದು. ಇವುಗಳಲ್ಲಿ ಅಲಗು ಬದಲಿಸುವುದಕ್ಕೆ ಎರಡು ಕೈಗಳೂ ಎರಡು ಸ್ಪ್ಯಾನರುಗಳೂ ಬೇಕು. ಇಆರ್11 ಕೊಲೆಟ್ಟಿನ, ಎಂದರೆ ಅಲಗಿನ ಕಾಂಡವನ್ನು ಹಿಡಿಯುವ ಸೀಳುತೋಳಿನ ನಟ್ಟನ್ನು ಒಂದರಿಂದ ತಿರುಗಿಸುತ್ತ ಇನ್ನೊಂದರಿಂದ ದಂಡವನ್ನು ತಡೆಯಬೇಕು. ಎರಡು ಹಿಡಿಗಳೂ ಆಡಲು ಎಡೆ ಬೇಕಾದ್ದರಿಂದ ಮುಂಬದಿಯೆಲ್ಲವೂ ಬಾಗಿಲಾಗಬೇಕು. ಬಾಗಿಲ ಸುತ್ತ ದಪ್ಪ ಚೌಕಟ್ಟು ಕಟ್ಟಿ ನಡುವೆ ಸಣ್ಣ ಬಾಯಿ ಬಿಡುವ ಪದ್ಧತಿ ನೋಟಕ್ಕೆ ಚೆನ್ನ, ಕೆಲಸಕ್ಕೆ ಕೆಡುಕು.

"ನಾಲ್ಕು ಬೆರಳು" ಎಂದರೆ ಹಸ್ತದ ಅಗಲ, ಸುಮಾರು 70. ಬಾಗಿಲಿಲ್ಲದ ಪಕ್ಕಗಳಲ್ಲಿ ಕೈ ಇಡಿಯಾಗಿ ಹೋಗಬೇಕಾಗಿಲ್ಲ. ಸಡಿಲವಾದ ಪ್ಲಗ್ಗನ್ನು ಒತ್ತಲು, ಮೂಲೆಯ ದೂಳನ್ನು ಬ್ರಷ್ಷಿನಿಂದ ಎಳೆಯಲು ಬೆರಳು ಹೋದರೆ ಸಾಕು. ಆಳದಲ್ಲಿ ಹಿಂಬದಿಗೆ ಇಷ್ಟು ಬಿಡದೆ 30 ಮಾತ್ರ ಬಿಟ್ಟದ್ದೇಕೆಂದರೆ, ಅದು ಉದ್ದದ ಹಲಗೆ ತೀರ ಹಿಂದೆ ಸರಿದಾಗ ಉಳಿಯುವ ಎಡೆ. ಹಲಗೆ ತೆಗೆದ ಮೇಲೆ ಅಲ್ಲಿ ಬೇಕಾದಷ್ಟು ಜಾಗವಿರುತ್ತದೆ.

ಬಾಗಿಲು ಮೇಲಕ್ಕೆ ತೆರೆಯುವಂತಿದ್ದರೆ, ಅದು ತಿರುಗುವಾಗ ಮುಂದಕ್ಕೂ ಮೇಲಕ್ಕೂ ಸುಮಾರು ಅರ್ಧ ಮೀಟರ್ ಖಾಲಿ ಬೇಕು. ಗೋಡೆಯ ಶೆಲ್ಫಿನ ಕೆಳಗೆ ಪೆಟ್ಟಿಗೆಯನ್ನು ಇಡುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಸೂತ್ರ 4: ದೂಳು ಹೊರಡುವಷ್ಟು ಗಾಳಿ ಒಳಬರಲಿ.

ವ್ಯಾಕ್ಯೂಮ್ ದೂಳನ್ನು ಎಳೆಯುವುದಿಲ್ಲ. ಗಾಳಿಯನ್ನು ಎಳೆಯುತ್ತದೆ, ಗಾಳಿಯು ದೂಳನ್ನು ಒಯ್ಯುತ್ತದೆ. ಒಳಬರುವ ದಾರಿಯಿಲ್ಲದ ಪೆಟ್ಟಿಗೆಯಿಂದ ಗಾಳಿ ಹೊರಡಲಾರದು. ಆಗ ಮೋಟರ್ ಕಿರುಚುತ್ತದೆ, ದೂಳು ಅಲ್ಲಿಯೇ ಉಳಿಯುತ್ತದೆ. ಸಂದಿಲ್ಲದಂತೆ ಕಟ್ಟಿದ ಪೆಟ್ಟಿಗೆಗಳಲ್ಲಿ ದೂಳು ಹೆಚ್ಚಾಗಿ ಕಾಣುವುದಕ್ಕೆ ಇದೇ ಕಾರಣ.

"ಹೊರಡುವಷ್ಟು" ಎಂಬುದು ಪ್ರಮಾಣವನ್ನು ಹೇಳುತ್ತದೆ. 32 ಒಳವ್ಯಾಸದ ಹೋಸಿನ ಬಾಯಿ ಸುಮಾರು 800 ಚದರ ಮಿಲಿಮೀಟರ್. ಒಳದಾರಿ ಕನಿಷ್ಠ ಅಷ್ಟಿರಬೇಕು. ಆದರೆ ಒಳದಾರಿಗೆ ಎರಡು ತಿರುವು ಕೊಟ್ಟು ಸದ್ದನ್ನು ತಡೆಯುವುದರಿಂದ ಗಾಳಿಗೂ ಅಡ್ಡಿಯಾಗುತ್ತದೆ. ಆದಕಾರಣ ಎರಡರಷ್ಟು, 1,600, ಎಂದು ಹಿಡಿಯುವುದು ಲೇಸು. 160 ಉದ್ದ, 10 ಅಗಲದ ಸೀಳು ಇದಕ್ಕೆ ಸಾಕು. ಸೀಳು ಹಿಂಗೋಡೆಯ ಕೆಳಗಿದ್ದು ಹೋಸು ಮೇಲಿದ್ದರೆ, ಬರುವ ಗಾಳಿ ಬೆಡ್ಡನ್ನು ಸವರಿಕೊಂಡೇ ಹೋಗುತ್ತದೆ.

ಇದೇ ಗಾಳಿಗೆ ಇನ್ನೊಂದು ಕೆಲಸವುಂಟು, ಬಿಸಿಯನ್ನು ಒಯ್ಯುವುದು. ಸ್ಪಿಂಡಲಿಗೆ ಕೊಟ್ಟ ವಿದ್ಯುತ್ತೆಲ್ಲ ಕಡೆಗೆ ಒಳಗೇ ಶಾಖವಾಗುತ್ತದೆ. 650 × 570 × 450ರ ಪೆಟ್ಟಿಗೆಯಲ್ಲಿ ಹಿಡಿಯುವ ಗಾಳಿ ಸುಮಾರು 167 ಲೀಟರ್. ಅದನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 200 ಜೂಲ್ ಸಾಕು. ಸ್ಪಿಂಡಲ್ 100 ವ್ಯಾಟ್ ತಿನ್ನುತ್ತಿದ್ದರೆ, ಗೋಡೆಗಳು ಏನನ್ನೂ ಹೀರದ ಪಕ್ಷದಲ್ಲಿ, ಎರಡು ಸೆಕೆಂಡಿಗೆ ಒಂದು ಡಿಗ್ರಿ ಏರುತ್ತದೆ. ಗೋಡೆಗಳು ಹೀರುವುದರಿಂದ ನಿಜದಲ್ಲಿ ಏರಿಕೆ ನಿಧಾನ. ಆದರೂ ಪ್ಲೈವುಡ್ಡೂ ಫೋಮೂ ಶಾಖವನ್ನು ಹೊರಬಿಡುವುದರಲ್ಲಿ ಜಿಪುಣರು. ಒಳಗಿನ ಬಿಸಿ ಹೊರಗಿನದಕ್ಕಿಂತ ಹತ್ತು ಡಿಗ್ರಿ ಮೀರದಿರಲು ಗಂಟೆಗೆ ಸುಮಾರು 30 ಘನ ಮೀಟರ್ ಗಾಳಿ ಹರಿಯಬೇಕು. ಕೊರೆಯುವಾಗ ವ್ಯಾಕ್ಯೂಮ್ ನಡೆಯುತ್ತಿದ್ದರೆ ಇಷ್ಟು ಸಿಕ್ಕುತ್ತದೆ. ವ್ಯಾಕ್ಯೂಮ್ ನಿಲ್ಲಿಸಿ ಸ್ಪಿಂಡಲ್ ಓಡಿಸುವ ಅಭ್ಯಾಸವಿದ್ದರೆ ಬೇರೆ ಫ್ಯಾನು ಇಡತಕ್ಕದ್ದು.

ಗಾಳಿಯ ಪ್ರಸಂಗದಲ್ಲಿ ಬೆಂಕಿಯನ್ನೂ ಹೇಳಬೇಕು. ಮೊಂಡಾದ ಅಲಗು ಒಂದೇ ಕಡೆ ಉಜ್ಜಿದರೆ ಮರ ಕರಿದು ಕಿಡಿ ಹುಟ್ಟುತ್ತದೆ. ಹೋಸು ಆ ಕಿಡಿಯನ್ನು ದೂಳು ತುಂಬಿದ ಡಬ್ಬಿಗೆ ಒಯ್ಯುತ್ತದೆ. ಆದುದರಿಂದ ಫೋಮ್ ಬೆಂಕಿ ಹತ್ತದ ಬಗೆಯದಾಗಿರಬೇಕು. ಬೆಂಕಿ ಆರಿಸುವ ಎಬಿಸಿ ಪುಡಿಯ ಸಿಲಿಂಡರ್ ಬಾಗಿಲ ಕಡೆಗಿರಬೇಕು. ಯಂತ್ರ ನಡೆಯುತ್ತಿರುವಾಗ ಕೋಣೆಯನ್ನು ಬಿಟ್ಟು ಹೋಗಬಾರದು. ಪೆಟ್ಟಿಗೆ ಸದ್ದನ್ನು ಮರೆಸಿದಷ್ಟೂ ಈ ಎಚ್ಚರ ಮರೆಯುವ ಅಪಾಯ ಹೆಚ್ಚು.

ಸೂತ್ರ 5: ಸದ್ದಿಗೆ ತೂಕವೇ ತಡೆ, ಸಂದೇ ದಾರಿ.

"ತೂಕವೇ" ಎಂಬ ಅವಧಾರಣೆಯು ಫೋಮನ್ನು ನಂಬಿದವರ ಪೂರ್ವಪಕ್ಷವನ್ನು ನಿರಾಕರಿಸುತ್ತದೆ. ನಿಮಿಷಕ್ಕೆ 9,000 ಸುತ್ತು ತಿರುಗುವ ಎರಡು ಅಂಚಿನ ಅಲಗು ಸೆಕೆಂಡಿಗೆ 300 ಸಲ ಮರವನ್ನು ಕಚ್ಚುತ್ತದೆ. ಆ ಸದ್ದಿನ ಅಲೆಯ ಉದ್ದ ಒಂದು ಮೀಟರಿಗೂ ಮಿಗಿಲು. ಅಲೆಯ ಉದ್ದದ ನಾಲ್ಕನೇ ಒಂದರಷ್ಟು ದಪ್ಪವಿದ್ದರೆ ಫೋಮ್ ಚೆನ್ನಾಗಿ ಹೀರುತ್ತದೆ. ಹಾಗೆ ನೋಡಿದರೆ 25 ದಪ್ಪದ ಫೋಮಿನ ಶಕ್ತಿಯೆಲ್ಲ 3,400 ಹರ್ಟ್ಸ್‌ನ ಸುತ್ತಮುತ್ತ ಮತ್ತು ಅದಕ್ಕೆ ಮೇಲೆ. ಅದು ಕಿವಿಗೆ ಚುಚ್ಚುವ ಸಿಳ್ಳನ್ನು ತಗ್ಗಿಸುತ್ತದೆ. 300 ಹರ್ಟ್ಸ್‌ನ ಗುಂಯ್‌ಗಾಟವನ್ನು ಬಿಟ್ಟುಬಿಡುತ್ತದೆ. ಗೋಡೆಯಾಚೆಯ ನೆರೆಮನೆಗೆ ಕೇಳುವುದು ಈ ಗುಂಯ್‌ಗಾಟವೇ.

ಅದನ್ನು ತಡೆಯುವುದು ಗೋಡೆಯ ತೂಕ. ಒಂದು ಚದರ ಮೀಟರಿನ ತೂಕ ಎರಡರಷ್ಟಾದರೆ ತಡೆ ಸುಮಾರು 6 ಡೆಸಿಬೆಲ್ ಏರುತ್ತದೆಂಬುದು ಶಬ್ದಶಾಸ್ತ್ರದ ಸ್ಥೂಲನಿಯಮ. 12 ದಪ್ಪದ ಪ್ಲೈವುಡ್ ಚದರ ಮೀಟರಿಗೆ ಸುಮಾರು 7.2 ಕಿಲೋ ತೂಗುತ್ತದೆ, ಅಷ್ಟೇ ದಪ್ಪದ ಎಂಡಿಎಫ್ ಸುಮಾರು 9 ಕಿಲೋ. ಸದ್ದೊಂದನ್ನೇ ನೋಡಿದರೆ ಎಂಡಿಎಫ್ ಮೇಲು. ಆದರೆ ಒದ್ದೆ ಮಳೆಗಾಲದ ಮಲೆನಾಡು, ಕರಾವಳಿಗಳಲ್ಲಿ ಎಂಡಿಎಫ್‌ನ ಅಂಚು ನೀರು ಹೀರಿ ಉಬ್ಬುತ್ತದೆ. ಅಲ್ಲಿಗೆ ಪ್ಲೈವುಡ್ಡೇ ಯೋಗ್ಯ.

ಒಳಗಿನ ಕೆಲಸವನ್ನು ನೋಡಲು ಇಡುವ ಕಿಟಕಿಯ ಹಾಳೆಗೂ ಇದೇ ನಿಯಮ. 6 ದಪ್ಪದ ಪಾಲಿಕಾರ್ಬೊನೇಟ್ ಚದರ ಮೀಟರಿಗೆ 7.2 ಕಿಲೋ, ಎಂದರೆ 12ರ ಪ್ಲೈವುಡ್ಡಿಗೆ ಸರಿಸಮ. 3 ದಪ್ಪದ್ದನ್ನು ಹಾಕಿದರೆ ಗೋಡೆಯೆಲ್ಲ ಬಿಗಿಯಾಗಿದ್ದೂ ಕಿಟಕಿಯಿಂದ ಸದ್ದು ಸೋರುತ್ತದೆ. ಅಕ್ರಿಲಿಕ್ ತೂಕದಲ್ಲಿ ಸಮ, ಬೆಲೆಯಲ್ಲಿ ಅಗ್ಗ. ಆದರೆ ಸಿಡಿದ ಅಲಗು ತಗುಲಿದರೆ ಚೂರಾಗುತ್ತದೆ, ಪಾಲಿಕಾರ್ಬೊನೇಟ್ ಹಾಗೆ ಒಡೆಯುವುದಿಲ್ಲ. ಕಣ್ಣಿಗೂ ಅಲಗಿಗೂ ನಡುವೆ ನಿಲ್ಲುವ ಈ ಒಂದು ಹಾಳೆಯಲ್ಲಿ ಕಾಸು ಉಳಿಸಬಾರದು.

"ಸಂದೇ ದಾರಿ." ಗೋಡೆಗಳ ಒಟ್ಟು ವಿಸ್ತೀರ್ಣದಲ್ಲಿ ನೂರರಲ್ಲೊಂದು ಪಾಲು ತೆರೆದಿದ್ದರೆ, ಉಳಿದ ತೊಂಬತ್ತೊಂಬತ್ತು ಪಾಲನ್ನು ಕಲ್ಲಿನಿಂದ ಕಟ್ಟಿದರೂ ಪೆಟ್ಟಿಗೆಯ ತಡೆ 20 ಡೆಸಿಬೆಲ್ ಮೀರದು. ಈ ಪೆಟ್ಟಿಗೆಗೆ ನೂರರಲ್ಲೊಂದು ಎಂದರೆ ಸುಮಾರು 140ರ ಚೌಕದ ತೂತು. ಬಾಗಿಲ ಸುತ್ತಳತೆ 2,300ರ ಆಸುಪಾಸು. ಸುತ್ತಲೂ 3 ಮಿಲಿಮೀಟರ್ ಸಂದು ಬಿಟ್ಟರೆ ಅದೇ ಸುಮಾರು 6,900 ಚದರ ಮಿಲಿಮೀಟರ್ ಆಗುತ್ತದೆ, ಗಾಳಿಗೆಂದು ಬಿಟ್ಟ ಸೀಳಿನ ನಾಲ್ಕರಷ್ಟು. ಆದುದರಿಂದ ಬಾಗಿಲ ಅಂಚಿಗೆ ರಬ್ಬರ್ ಪಟ್ಟಿ ಅವಶ್ಯ. ಗಾಳಿಯ ಸೀಳು ಬೇಕೆಂದು ಬಿಟ್ಟ ದಾರಿ. ಬಾಗಿಲ ಸಂದು ಬೇಡದ ದಾರಿ. ಇವೆರಡನ್ನೂ ಒಂದೇ ಎಂದು ಎಣಿಸಿ, ಬಾಗಿಲ ಸಂದಿನಿಂದಲೇ ಗಾಳಿ ಬರಲೆಂದು ಬಿಡುವವರಿಗೆ ಸದ್ದಿನ ತಡೆ ಸಿಕ್ಕುವುದಿಲ್ಲ.

ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಒಳ್ಳೆಯ ಪೆಟ್ಟಿಗೆಯಿದ್ದರೂ ಫ್ಲಾಟಿನಲ್ಲಿ ಇರುವವರು ರಾತ್ರಿಯ ಕೆಲಸ ಇಟ್ಟುಕೊಳ್ಳದಿರುವುದು ನೆರೆಯವರಿಗೆ ಸಲ್ಲಿಸುವ ಮರ್ಯಾದೆ.

ಸೂತ್ರ 6: ಬೋರ್ಡು ಹೊರಗೆ, ಗುಂಡಿ ಹೊರಗೆ, ನೋಟ ಮಾತ್ರ ಒಳಗೆ.

"ಬೋರ್ಡು" ಎಂದರೆ ಮೋಟರುಗಳನ್ನು ನಡೆಸುವ ಕಂಟ್ರೋಲ್ ಬೋರ್ಡು. 3018ರ ಹಲವು ಮಾದರಿಗಳಲ್ಲಿ ಇದು ಗ್ಯಾಂಟ್ರಿಯ ಬೆನ್ನಿಗೇ ಅಂಟಿಕೊಂಡಿರುತ್ತದೆ. ತೆರೆದ ಮೇಜಿನ ಮೇಲೆ ಅದು ನಡೆದೀತು. ಪೆಟ್ಟಿಗೆಯೊಳಗೆ ದೂಳೂ ಬಿಸಿಯೂ ಸೇರಿ ಅದಕ್ಕೆ ಕೇಡು. ತಂತಿಗಳನ್ನು ಉದ್ದಮಾಡಿ ಹೊರಗೋಡೆಗೆ ಸಾಗಿಸಿದರೆ ಹಿಂಬದಿಯಲ್ಲಿ ಎಡೆಯೂ ಉಳಿಯುತ್ತದೆ. ಈ ಕೆಲಸದಲ್ಲಿ ವಿದ್ಯುತ್ ಹರಿಯುತ್ತಿರುವಾಗ ಮೋಟರಿನ ಪ್ಲಗ್ಗನ್ನು ಕೀಳಬಾರದು. ಕಿತ್ತರೆ ಡ್ರೈವರ್ ಸುಡಬಹುದು.

"ಗುಂಡಿ" ಎಂದರೆ ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿ. ಬಾಗಿಲು ತೆರೆಯದೆ, ಬಗ್ಗದೆ ಅದು ಕೈಗೆ ಸಿಕ್ಕಬೇಕು. ಯಂತ್ರವನ್ನೂ ವ್ಯಾಕ್ಯೂಮನ್ನೂ ಒಟ್ಟಿಗೆ ನಿಲ್ಲಿಸಬೇಕು.

"ನೋಟ ಮಾತ್ರ" ಎಂಬುದರಿಂದ ಮೂಗು, ಕೈ, ಕಿವಿಗಳಿಗೆ ಒಳಗೆ ಪ್ರವೇಶವಿಲ್ಲವೆಂದಾಯಿತು. ಕಿಟಕಿಯ ನಡುವು ಅಲಗಿನ ತುದಿಯ ಮಟ್ಟಕ್ಕಿಂತ ತುಸು ಮೇಲಿದ್ದರೆ, ಕುರ್ಚಿಯ ಮೇಲೆ ಕುಳಿತವರಿಗೆ ಕೊರೆತ ನೇರ ಕಾಣುತ್ತದೆ. ಒಳಗೊಂದು ಎಲ್‌ಇಡಿ ಪಟ್ಟಿ ಬೇಕು. 3018ಕ್ಕೆ ಲೇಸರ್ ತಲೆಯನ್ನು ಸಿಕ್ಕಿಸುವವರಿಗೆ ಒಂದು ನಿಷೇಧ: ತಿಳಿ ಪಾಲಿಕಾರ್ಬೊನೇಟ್ ನೀಲಿ ಲೇಸರಿನ ಬೆಳಕನ್ನು ತಡೆಯುವುದಿಲ್ಲ. ಆ ತರಂಗಾಂತರಕ್ಕೆಂದೇ ಪ್ರಮಾಣೀಕರಿಸಿದ ಹಾಳೆ ಇಲ್ಲದಿದ್ದರೆ ಕಿಟಕಿಯನ್ನು ಪೂರ್ತಿ ಮುಚ್ಚತಕ್ಕದ್ದು.

ಸೂತ್ರ 7: ಒಳಗಿನಿಂದ ಹೊರಕ್ಕೆ ಎಣಿಸು, ಹಾಳೆಯಿಂದ ಒಳಕ್ಕೆ ತಿದ್ದು.

ಎಣಿಕೆಯೂ ತಿದ್ದುವಿಕೆಯೂ ಎರಡು ಬೇರೆ ಕ್ರಿಯೆಗಳು, ಎರಡಕ್ಕೂ ದಿಕ್ಕು ಬೇರೆ. ಮೊದಲು ಒಳ ಅಳತೆ ಸಿದ್ಧವಾಗಿ, ಅದಕ್ಕೆ ಮರದ ದಪ್ಪ ಸೇರಿ ಹೊರ ಅಳತೆ ಹುಟ್ಟುತ್ತದೆ. 12ರ ಪ್ಲೈವುಡ್ಡಿನಲ್ಲಿ ಹೊರ ಅಗಲ 650 + 24 = 674. ಹಿಂಗೋಡೆಯು ಪಕ್ಕಗೋಡೆಗಳ ನಡುವೆ ಕೂಡಿದರೆ ಬಾಗಿಲನ್ನು ಬಿಟ್ಟು ಆಳ 570 + 12 = 582. ತುಂಡುಗಳು ಹೀಗಾಗುತ್ತವೆ: ಚಾವಣಿ 674 × 582, ಪಕ್ಕಗಳು ಎರಡು, 450 × 582, ಹಿಂಗೋಡೆ 650 × 450, ಬಾಗಿಲು 674 ಅಗಲ. ತಳವನ್ನು ಕೊನೆಗೆ ಹೇಳಲಾಗುವುದು.

ಇನ್ನು "ಹಾಳೆಯಿಂದ." ಅಂಗಡಿಯಲ್ಲಿ ಎಂಟಡಿ ನಾಲ್ಕಡಿ ಎಂದು ಕರೆಯುವ ಪ್ಲೈವುಡ್ ಹಾಳೆ 2440 × 1220. ಬಾಗಿಲನ್ನೂ ಸೇರಿಸಿ ಈ ತುಂಡುಗಳ ವಿಸ್ತೀರ್ಣ ಕೂಡಿಸಿದರೆ ಒಂದೂವರೆ ಚದರ ಮೀಟರ್ ಮೇಲಾಗುತ್ತದೆ. ಅರ್ಧ ಹಾಳೆ 1.49 ಚದರ ಮೀಟರ್ ಮಾತ್ರ. ಕೂದಲೆಳೆಯಲ್ಲಿ ಅರ್ಧ ಹಾಳೆ ಸಾಲದಾಯಿತು. ಇಲ್ಲಿ ಕೆಲವರು ಅರ್ಧ ಹಾಳೆಗೆ ಹೊಂದಿಸಲೆಂದು ಒಳ ಅಳತೆಯನ್ನು ಕುಗ್ಗಿಸುತ್ತಾರೆ. ಅದು ಸೂತ್ರಕ್ಕೆ ವಿರುದ್ಧ. ತಿದ್ದು ಎಂದರೆ ಕುಗ್ಗಿಸು ಎಂದಲ್ಲ. ಸಂಚಾರಕ್ಕೆ ಬೇಕಾದದ್ದು ಸಂಚಾರಕ್ಕೇ ಮೀಸಲು. ಇಡೀ ಹಾಳೆ ಕೊಂಡು, ಅದರಲ್ಲಿ ಉಳಿಯುವುದನ್ನು ಪೆಟ್ಟಿಗೆಗೆ ಕೊಡುವುದೇ ಸರಿಯಾದ ತಿದ್ದುಪಡಿ.

ಹಾಳೆಯನ್ನು ಉದ್ದಕ್ಕೆ ಎರಡು ಪಟ್ಟಿಯಾಗಿ ಸೀಳಬೇಕು. ಗರಗಸದ ಬಾಯಿ ತಿನ್ನುವುದು 3, ಬಡಗಿಯ ಮಾತಿನಲ್ಲಿ ಒಂದು ನೂಲು. ಉಳಿದ 1217ರಲ್ಲಿ ಅರ್ಧ 608. ಆದರೆ ಹಾಳೆಯ ಅಂಚು ಜಜ್ಜಿರಬಹುದು, ಮೂಲೆ ಪೂರ್ತಿ ನೇರವಿಲ್ಲದಿರಬಹುದು. ಅದಕ್ಕಾಗಿ 605 ಎಂದು ಹಿಡಿಯುವುದು ಕ್ಷೇಮ. ಬೇಕಾದದ್ದು 582, ಸಿಕ್ಕುವುದು 605. ಖರ್ಚಿಲ್ಲದೆ 23 ಮಿಲಿಮೀಟರ್ ಆಳ ಹೆಚ್ಚಿತು. ಒಳ ಆಳ 570ರಿಂದ 593ಕ್ಕೆ ಏರಿತು. ಇದನ್ನು ಮುಂದೆ, ಬಾಗಿಲ ಕಡೆಗೆ ಬಿಡುವುದು ಒಳ್ಳೆಯದು. ಕೈಗಳು ಆಡುವುದು ಅಲ್ಲಿ.

ಮೊದಲ ಪಟ್ಟಿಯಲ್ಲಿ ಚಾವಣಿ 674, ಪಕ್ಕಗಳು 450 ಮತ್ತು 450, ಬಾಗಿಲು 674: ಒಟ್ಟು 2,248, ನಾಲ್ಕು ಕೊಯ್ತಕ್ಕೆ 12, ಸೇರಿ 2,260. ಎರಡನೆಯ ಪಟ್ಟಿಯಲ್ಲಿ ಹಿಂಗೋಡೆ 650. ಅಲ್ಲಿಯೇ 674ರ ಇನ್ನೂ ಎರಡು ತುಂಡು ಹಿಡಿಯುತ್ತವೆ: 1,998, ಮೂರು ಕೊಯ್ತಕ್ಕೆ 9, ಸೇರಿ 2,007. ಆ ಎರಡನ್ನೂ ಒಂದರ ಮೇಲೊಂದು ಅಂಟಿಸಿದರೆ 24 ದಪ್ಪದ ತಳ. ತಳಕ್ಕೆಂದು ಬೇರೆ ಹಾಳೆ ಕೊಳ್ಳಬೇಕಾಗಿಲ್ಲ, ಮೇಜಿಗೆ ಇಳಿಯುವ ನಡುಕಕ್ಕೂ ಎರಡರಷ್ಟು ತೂಕದ ತಡೆ ಬಂತು. ಆಗ ಬಾಗಿಲ ಎತ್ತರ 450 + 12 + 24 = 486. ಎರಡನೆಯ ಪಟ್ಟಿಯ ಕೊನೆಯಲ್ಲಿ ಉಳಿದ 430ರಷ್ಟು ಉದ್ದದ ತುಂಡಿನಿಂದ ಗಾಳಿಯ ಸೀಳಿನ ತಿರುವುಗಳನ್ನು ಮಾಡಿಕೊಳ್ಳಬಹುದು. ಕಿಟಕಿಗೆ ಕೊಯ್ಯುವ ಮೊದಲು, ಒಟ್ಟು ಮರದ ತೂಕ ಸುಮಾರು 17 ಕಿಲೋ.

ಹೀಗೆ ಒಂದು ಹಾಳೆಯಲ್ಲಿ ಇಡೀ ಪೆಟ್ಟಿಗೆ: ಒಳಗೆ 650 × 593 × 450, ಹೊರಗೆ ಬಾಗಿಲೂ ಸೇರಿ 674 × 617 × 486. ಇದು 300ರ ಹಲಗೆ, 25ರ ಫೋಮ್, 12ರ ಪ್ಲೈವುಡ್, ತಲೆ ಏರಿದಾಗ 300 ಎತ್ತರ ಎಂಬ ನಾಲ್ಕು ಊಹೆಗಳ ಮೇಲೆ ನಿಂತ ಲೆಕ್ಕ; ಒಂದು ಬದಲಾದರೂ ಮೊದಲ ಸೂತ್ರದಿಂದ ಮತ್ತೆ ಎಣಿಸಬೇಕು. ಓದುಗರು ಹಾಳೆಗೆ ಗರಗಸ ಹಚ್ಚಿಸುವ ಮುನ್ನ, ರಟ್ಟಿನ ಡಬ್ಬಿಗಳನ್ನು ಕತ್ತರಿಸಿ ಇದೇ ಒಳ ಅಳತೆಗೆ ಗೋಡೆ ನಿಲ್ಲಿಸಿ, ಉದ್ದದ ಹಲಗೆ ಬಿಗಿದು, ಯಂತ್ರವನ್ನು ಮೂರು ದಿಕ್ಕಿನ ತುದಿಗಳಿಗೂ ಒಮ್ಮೆ ನಡೆಸಿ ನೋಡಬೇಕೆಂದು ಕೋರಿಕೆ.